ಅಕ್ಕನ ಎದೆಯಲ್ಲಿ ಕಂಡ ಹಸಿರು ಚುಕ್ಕೆ

೧೯೪೯ರಲ್ಲಿ ನಾನು ಐದನೆಯ ಇಯತ್ತೆಗೆ ಶಾಲೆ ಬಿಟ್ಟೆ. ಅವ್ವ ಮೊದಲೇ ಹೋಗಿದ್ದಳು, ಆ ವರ್ಷ ಅಪ್ಪನೂ ತೀರಿಕೊಂಡ. ನನ್ನ ಅಕ್ಕ ಗಂಗವ್ವ ಗಂಡನನ್ನು ಕಳೆದುಕೊಂಡು ಹುಬ್ಬಳ್ಳಿಯಲ್ಲಿ ನಾಲ್ಕು ಮಂದಿಗೆ ರೊಟ್ಟಿ ಬಡಿದು ಕೊಟ್ಟು ಬದುಕಿದ್ದಳು. ನಾನು ಹೋಗಿ ಅವಳ ಒಲೆಯ ಮುಂದೆ ಕೂತೆ. ನಮ್ಮ ಖಾನಾವಳಿ ಶುರುವಾದದ್ದು ಹಾಗೆ. ಇವತ್ತು ಸ್ಟೇಶನ್ ಕಡೆ ಇಳಿದು ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಟಾಂಗಾದವರು ನಮ್ಮ ಬಾಗಿಲಿಗೆ ತಂದು ಬಿಡುತ್ತಾರೆ. ಇದು ಬಡಾಯಿ ಎನ್ನುವವರು ಒಮ್ಮೆ ಬಂದು ಉಂಡು ಆಮೇಲೆ ಮಾತಾಡಲಿ.

ಪ್ರವಾಸ ಬರೆಯುವವರು ಹೆಚ್ಚಾಗಿ ಕಲಿತವರು, ನೋಡುವುದಕ್ಕೆಂದೇ ಹೋದವರು. ನಾನು ನೋಡಲಿಕ್ಕೆ ಹೋದವನಲ್ಲ. ೧೯೭೮ರಲ್ಲಿ ಅಕ್ಕನ ಎದೆಯೊಳಗೆ ನೀರು ತುಂಬಿತ್ತು. ಗುಂಡಿಗೆಯ ಸುತ್ತ ಒಂದು ಚೀಲ ಇರುತ್ತದಂತೆ, ಆ ಚೀಲದಲ್ಲಿ ನೀರು. ಮಲಗಿದರೆ ಉಸಿರು ಕಟ್ಟುತ್ತಿತ್ತು. ತಿಂಗಳುಗಟ್ಟಲೆ ಅವಳು ಗೋಡೆಗೆ ದಿಂಬು ಒಟ್ಟಿಕೊಂಡು ಕೂತೇ ನಿದ್ದೆ ಮಾಡಿದಳು. ನಮ್ಮ ಊರಿನ ಡಾಕ್ಟರು ಒಮ್ಮೆ ಸೂಜಿ ಹಾಕಿ ನೀರು ತೆಗೆಯಲು ನೋಡಿದರು. ಸಿರಿಂಜಿನಲ್ಲಿ ಕೆಂಪಗೆ ಬಂತು. ಸೂಜಿ ಗುಂಡಿಗೆಗೇ ತಾಗಿತೋ ಏನೋ ಎಂದು ತಟ್ಟನೆ ಹಿಂದಕ್ಕೆ ತೆಗೆದುಬಿಟ್ಟರು.

ಆಮೇಲೆ ನನ್ನನ್ನು ಹೊರಗೆ ಕರೆದು ಹೇಳಿದರು: "ಬಸಣ್ಣ, ನಾ ಕಣ್ಣು ಕಟ್ಕೊಂಡು ಚುಚ್ಚಿದಂಗ ಆಗೇತಿ. ಇನ್ನೊಮ್ಮೆ ಚುಚ್ಚೂ ಧೈರ್ಯ ನನಗಿಲ್ಲ. ತಿರುವನಂತಪುರದಾಗ ಒಂದು ಹೊಸಾ ಮಷಿನ್ ಬಂದೈತಂತ. ಎದಿಯೊಳಗ ಶಬ್ದ ಬಿಟ್ಟು, ಸೂಜಿ ಎಲ್ಲೈತಿ ಅಂತ ತೋರಸ್ತದಂತ. ಅಲ್ಲಿಗೆ ಕರಕೊಂಡು ಹೋಗು. ತಡಾ ಮಾಡಬ್ಯಾಡ."

ತನಗೆ ಆಗದು ಎಂದು ಬಾಯಿಬಿಟ್ಟು ಹೇಳುವ ಡಾಕ್ಟರು ಎಷ್ಟು ಮಂದಿ ಸಿಗುತ್ತಾರೆ? ಅವರಿಗೆ ನನ್ನ ಮೊದಲ ನಮಸ್ಕಾರ.

ಕೇರಳ ನಮ್ಮದೇ ದೇಶ ಎಂದು ನಕಾಶೆ ಹೇಳುತ್ತದೆ. ಆದರೆ ಕೊಯಮತ್ತೂರು ದಾಟಿದ ಮೇಲೆ ಒಂದು ಬೋರ್ಡು ಓದಲಾಗದ, ಒಂದು ಮಾತು ತಿಳಿಯದ ನಮ್ಮಂಥವರಿಗೆ ಅದು ಪರದೇಶವೇ.

ರೈಲು

ಅಕ್ಕ ರೈಲಿನಲ್ಲೂ ಕೂತೇ ಬಂದಳು. ಎದುರಿಗಿದ್ದ ಮಲಯಾಳಿ ಯಜಮಾನರು ತಮ್ಮ ಕೆಳಗಿನ ಬರ್ತು ತೋರಿಸಿ ಮಲಗಿಸಲು ಸನ್ನೆ ಮಾಡಿದರು. ಮಲಗಿದರೆ ಉಸಿರು ನಿಲ್ಲುತ್ತದೆ ಎಂದು ನಾನೂ ಸನ್ನೆಯಲ್ಲೇ ಹೇಳಿದೆ. ಅವರು ಒಂದು ಗಳಿಗೆ ಅಕ್ಕನನ್ನು ನೋಡಿ, ತಮ್ಮ ಹಾಸಿಗೆಯ ಸುರುಳಿಯನ್ನು ಬಿಚ್ಚದೆ ಹಾಗೇ ತಂದು ಅವಳ ಬೆನ್ನಿಗೆ ಇಟ್ಟರು. ತಾವು ಬರಿ ಹಲಗೆಯ ಮೇಲೆ ಪತ್ರಿಕೆ ಹಾಸಿಕೊಂಡು ಮಲಗಿದರು. ನಾನು ಯಾರ ಹಂಗಿನಲ್ಲೂ ಇರುವವನಲ್ಲ. ಬೇಡ ಬೇಡ ಎಂದು ಸುರುಳಿ ಎತ್ತಲು ಹೋದೆ.

"ಸುಮ್ನಿರೋ ಬಸ್ಯಾ," ಎಂದಳು ಅಕ್ಕ. "ನಿನ್ನ ಸೊಕ್ಕಿಗೆ ನನ್ನ ಬೆನ್ನು ಯಾಕ ನೋಯಬೇಕು?"

ಅವರ ಹೆಸರು ಕೂಡ ನಾವು ಕೇಳಲಿಲ್ಲ. ಕೇಳಿದ್ದರೂ ಯಾವ ಭಾಷೆಯಲ್ಲಿ ಕೇಳುವುದು?

ಎರ್ನಾಕುಳಂ

ಇಲ್ಲಿ ನಮ್ಮನ್ನು ಇಳಿಸಿಕೊಂಡವರು ಮಹದೇವಯ್ಯನವರು. ಚಾಮರಾಜನಗರದ ಕಡೆಯವರು, ಬ್ಯಾಂಕಿನ ನೌಕರಿ. ಮದುವೆಗೆ ಮುಂಚೆ ಹುಬ್ಬಳ್ಳಿಯಲ್ಲಿದ್ದಾಗ ಎರಡು ಹೊತ್ತೂ ನಮ್ಮಲ್ಲೇ ಊಟ ಮಾಡುತ್ತಿದ್ದರು. ಈಗ ವರ್ಗವಾಗಿ ಇಲ್ಲಿಗೆ ಬಂದಿದ್ದಾರೆ. ಆಸ್ಪತ್ರೆಗೆ ಟ್ರಂಕ್ ಕಾಲ್ ಮಾಡಿ ದಿನ ಗೊತ್ತು ಮಾಡಿಸಿದ್ದೂ ಅವರೇ.

"ಏನ್ ಬಸಪ್ಪನವ್ರೇ, ಗಂಗಕ್ಕ ಇಷ್ಟೊಂದ್ ಸೊರಗ್ ಹೋಗವ್ರೆ!" ಎಂದರು ಅಕ್ಕನ ಕೈ ಹಿಡಿದು.

"ನನ್ನ ಬಿಡು, ನಿನ್ನ ಹೊಟ್ಟಿ ನೋಡ್ಕೋ ಮಾದೇವಪ್ಪಾ. ನಮ್ಮ ರೊಟ್ಟಿ ತಿನ್ನೂವಾಗ ಕಟಗಿ ಇದ್ದಂಗಿದ್ದಿ. ಈಗ ಗುಡಾಣ ಆಗೀದಿ."

ಮೂರು ಮಾತಿಗೊಮ್ಮೆ ಉಸಿರಿಗೆ ನಿಲ್ಲುತ್ತಿದ್ದಳು, ಆದರೆ ಬೈಯುವುದನ್ನು ಮಾತ್ರ ಅರ್ಧಕ್ಕೆ ಬಿಡುತ್ತಿರಲಿಲ್ಲ.

ಮಹದೇವಯ್ಯನವರಿಗೆ ಒಬ್ಬ ಸಣ್ಣ ಮಗಳು. ನಾವು ಕನ್ನಡದಲ್ಲಿ ಏನು ಕೇಳಿದರೂ ತಿಳಿದುಕೊಂಡು ಉತ್ತರವನ್ನು ಮಲಯಾಳದಲ್ಲಿ ಕೊಡುತ್ತಿತ್ತು. ಅಕ್ಕನಿಗೆ ಅದೊಂದು ತಮಾಷೆ. "ಬ್ಯಾಂಕಿನವರ ಮಗಳಲ್ಲೇನು! ತಗೊಂತದ, ತಿರುಗಿ ಕೊಡಂಗಿಲ್ಲ."

ನಾನು ಊರಿನಿಂದ ಜೋಳದ ಹಿಟ್ಟಿನ ಗಂಟು ತಂದಿದ್ದೆ. ಇನ್ನೊಬ್ಬರ ಮನೆಯಲ್ಲಿ ಬರಿಗೈಯಲ್ಲಿ ಕೂತು ಉಣ್ಣುವುದು ನನ್ನಿಂದಾಗದು. ಮಹದೇವಯ್ಯನವರ ಹೆಂಡತಿ ಬೇಡವೆಂದರೂ ಅಡುಗೆಮನೆಗೆ ಹೋಗಿ ಪರಾತ ಕವುಚಿ ರೊಟ್ಟಿ ಬಡಿಯತೊಡಗಿದೆ. ನಮ್ಮಲ್ಲಿ ಆ ಸಪ್ಪಳ ಬೆಳಗಾದರೆ ಓಣಿ ಓಣಿಯಲ್ಲೂ ಇರುತ್ತದೆ, ಯಾರೂ ತಲೆಯೆತ್ತಿ ನೋಡುವುದಿಲ್ಲ. ಇಲ್ಲಿ ಅಕ್ಕಪಕ್ಕದ ಹೆಂಗಸರು ಬಾಗಿಲಿಗೆ ಬಂದು ನಿಂತರು. ಮೀಸೆಯ ಗಂಡಸು ಕುಕ್ಕರಗಾಲಲ್ಲಿ ಕೂತು ರೊಟ್ಟಿ ಬಡಿಯುವುದನ್ನು ಅವರು ಕಂಡಿರಲಿಲ್ಲ. ಒಬ್ಬಾಕೆ ಒಂದು ಚೂರು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದಳು. ಆಮೇಲೆ "ಕೊಳ್ಳಾಂ" ಎಂದಳು. ಚೆನ್ನಾಗಿದೆ ಎಂದು ಅದರರ್ಥವಂತೆ. ಹಾಗೆಂದವಳು ಎರಡನೆಯ ಚೂರು ಕೇಳಲಿಲ್ಲ. ಅವರ ಕೆಂಪು ಕುಸುಬಲಕ್ಕಿಯ ಅನ್ನವನ್ನು ನಾನು ಹೊಗಳಿದ್ದೂ ಅದೇ ರೀತಿ. ಲೆಕ್ಕ ಸರಿಹೋಯಿತು.

ಫೋರ್ಟ್ ಕೊಚ್ಚಿ

ಅಕ್ಕನಿಗೆ ಸುಧಾರಿಸಿಕೊಳ್ಳಲು ಒಂದು ದಿನ ಬೇಕಿತ್ತು. ಸಂಜೆ ಗಾಳಿಗೆಂದು ಮಹದೇವಯ್ಯನವರು ಕಾರು ಮಾಡಿಕೊಂಡು ಸಮುದ್ರದ ದಂಡೆಗೆ ಕರೆದೊಯ್ದರು. ಅಲ್ಲಿ ಚೀನಾ ಬಲೆಗಳು. ನಮ್ಮ ಏತದ ಹಾಗೆ ಒಂದು ಕಡೆ ಕಲ್ಲಿನ ಭಾರ, ಇನ್ನೊಂದು ಕಡೆ ಮನೆಯಷ್ಟು ದೊಡ್ಡ ಬಲೆ. ನಾಲ್ಕೈದು ಜನ ಹಗ್ಗ ಜಗ್ಗಿದರೆ ನೀರಿನಿಂದ ಬಲೆ ಮೇಲೇಳುತ್ತದೆ. ಅಷ್ಟು ದೊಡ್ಡ ಬಲೆಯಲ್ಲಿ ಒಂದು ಹಿಡಿ ಮೀನು. ಅವರು ಬೇಜಾರೇ ಇಲ್ಲದೆ ಮತ್ತೆ ಇಳಿಬಿಡುತ್ತಿದ್ದರು.

ಮೀನಿನ ವಾಸನೆಗೆ ನಾನು ಪಂಚೆಯ ಚುಂಗು ಮೂಗಿಗೆ ಹಿಡಿದೆ. ಅಕ್ಕ ಸೆರಗನ್ನು ಮುಟ್ಟಲೂ ಇಲ್ಲ. "ಮೊದಲ ಉಸಿರಿಗೆ ಬರ ಬಂದೈತಿ, ಅದರಾಗ ಮೂಗು ಬ್ಯಾರೆ ಮುಚ್ಕೊಳ್ಳಲೇನು? ನಾರಲಿ ಬಿಡು, ಅದೂ ಗಾಳಿನೇ."

ಬಲೆಯವರಲ್ಲಿ ಒಬ್ಬ ಮುದುಕ ತನ್ನ ಕೂಡುವ ಪೀಠವನ್ನು ತಂದು ಅಕ್ಕನಿಗೆ ಹಾಕಿಕೊಟ್ಟು, "ಇರಿಕ್ಕ್ ಅಮ್ಮಾ" ಎಂದ. ಕೂತುಕೋ ಎಂದು ಹೇಳಿದ್ದು ಅವಳಿಗೂ ತಿಳಿಯಿತು. ಕತ್ತಲಾಗುವವರೆಗೆ ಅವಳು ಅದರ ಮೇಲೆ ಕೂತಿದ್ದಳು, ಅವನು ಅಷ್ಟು ಹೊತ್ತೂ ನಿಂತಿದ್ದ.

ತಿರುವನಂತಪುರ

ಈ ಊರಿನಲ್ಲಿ ಏರು ಇಳಿಜಾರು ಬಹಳ. ಜನ ಬೆಳ್ಳಗೆ ಬಟ್ಟೆ ಹಾಕುತ್ತಾರೆ, ಮೆಲ್ಲಗೆ ಮಾತಾಡುತ್ತಾರೆ. ಚಹಾದಂಗಡಿಯಲ್ಲಿ ಹಮಾಲರು ಕೂಡ ಪತ್ರಿಕೆ ಓದುತ್ತಾರೆ. ಒಬ್ಬ ಓದಿದ ಹಾಳೆಯನ್ನು ಇನ್ನೊಬ್ಬನಿಗೆ ದಾಟಿಸುತ್ತಾನೆ. ಐದನೆಯ ಇಯತ್ತೆಯವನಾದ ನನಗೆ ಇದು ಹೊಟ್ಟೆಕಿಚ್ಚು ಹುಟ್ಟಿಸಿತು ಎಂದು ಹೇಳಿದರೆ ತಪ್ಪಿಲ್ಲ.

ಆಸ್ಪತ್ರೆಯ ಓಣಿಯಲ್ಲಿ ಅಕ್ಕನನ್ನು ಬೆಂಚಿನ ಮೇಲೆ ಕೂರಿಸಿ, ಚೀಟಿ ಹಿಡಿದು ಯಾವ ಕಡೆ ಹೋಗಬೇಕೋ ತಿಳಿಯದೆ ನಿಂತಿದ್ದೆ. ಕೇಳಲು ನಾಚಿಕೆ. ಹಿಂದಿನಿಂದ ಒಂದು ದನಿ ಬಂತು: "ಯಾಕ್ರೀ ಯಜಮಾನ್ರ, ದಾರಿ ತಪ್ಪಿದ ಎತ್ತಿನಂಗ ನಿಂತೀರಿ? ಹುಬ್ಬಳ್ಳಿ ಕಡಿಯವರೇನು?"

ತಿರುಗಿ ನೋಡಿದರೆ ಬಿಳಿ ಟೊಪ್ಪಿಗೆಯ ನರ್ಸು. ಏಲಿಯಮ್ಮ ಎಂದು ಹೆಸರು. ಈ ಊರಿನವರೇ, ಕೆಲವು ವರ್ಷ ಬಾಗಲಕೋಟೆಯ ಕಡೆ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು. ನನ್ನ ತಲೆಯ ಪಟಕಾ ನೋಡಿ ಗುರುತು ಹಿಡಿದಿದ್ದರು. ಪರದೇಶದಲ್ಲಿ ನಮ್ಮೂರಿನ ಬೈಗುಳ ಕೇಳುವ ಸುಖ ಕೇಳಿದವರಿಗೇ ಗೊತ್ತು.

ಮಷಿನ್ನು ಇದ್ದ ಕೋಣೆಗೆ ಅವರೇ ನಮ್ಮನ್ನು ಕರೆದೊಯ್ದರು. ಡಾಕ್ಟರು ನನಗಿಂತ ಚಿಕ್ಕವರು, ತೆಳ್ಳಗೆ, ಕನ್ನಡಕ ಹಾಕಿದವರು. ಇಂಗ್ಲಿಷಿನಲ್ಲಿ, ಮಲಯಾಳದಲ್ಲಿ ಹೇಳಿದ್ದನ್ನು ಏಲಿಯಮ್ಮ ನಮಗೆ ಕನ್ನಡ ಮಾಡಿ ಹೇಳುತ್ತಿದ್ದರು. "ಬಾವಿಯೊಳಗ ಕಲ್ಲು ಒಗದು, ಸಪ್ಪಳಾ ಕೇಳಿ ನೀರು ಎಷ್ಟು ಆಳಕ್ಕೈತಿ ಅಂತ ಹೇಳ್ತೀರಲ್ಲ, ಹಂಗ. ಕಿವಿಗೆ ಕೇಳಸದಂಥಾ ಶಬ್ದ ಎದಿಯೊಳಗ ಹೋಗ್ತದ, ತಾಗಿ ತಿರುಗಿ ಬರ್ತದ. ಬಂದದ್ದನ್ನ ಈ ಗಾಜಿನ ಮ್ಯಾಲೆ ಗೆರಿ ಮಾಡಿ ತೋರಸ್ತದ."

ಶಬ್ದ ಒಳಕ್ಕೆ ಹೋಗಬೇಕಾದರೆ ಚರ್ಮಕ್ಕೂ ಡಾಕ್ಟರು ಕೈಯಲ್ಲಿ ಹಿಡಿಯುವ, ಶಬ್ದ ಬಿಡುವ ಗುಂಡಿಗೂ ನಡುವೆ ಏನಾದರೂ ಜಿಡ್ಡು ಸವರಬೇಕು. ಹೊರದೇಶದಿಂದ ಬರುವ ಜೆಲ್ಲಿ ತೀರಿಹೋಗಿತ್ತು. ಏಲಿಯಮ್ಮ ಕೊಬ್ಬರಿ ಎಣ್ಣೆಯ ಶೀಸೆ ತೆಗೆದರು. ಅಕ್ಕ ಮುಖ ಕಿವುಚಿದಳು. "ಮೂರು ದಿವಸದಿಂದ ಪಲ್ಯಾದಾಗ ಇದs, ಸಾರಿನಾಗ ಇದs. ಈಗ ಎದಿಗೂ ಒಗ್ಗರಣಿ ಹಾಕ್ತೀರೇನು?"

ಗುಂಡಿ ಇಟ್ಟರು. ಗಾಜಿನ ಮೇಲೆ ಏನೂ ಇಲ್ಲ, ಬರೀ ಮಬ್ಬು. ಡಾಕ್ಟರು ತಂತಿ ಬಿಗಿ ಮಾಡಿದರು, ಗುಬುಟು ತಿರುವಿದರು, ಮಷಿನ್ನಿನ ಬೆನ್ನಿಗೆ ಎರಡು ಸಲ ತಟ್ಟಿದರು. ಊಹೂಂ. ಇಷ್ಟು ದೂರ ಬಂದು ಮಷಿನ್ನೇ ಕೆಟ್ಟಿತಲ್ಲ ಎಂದು ನಾನು ವಾಪಸ್ ರೈಲಿನ ಹೊತ್ತು ಲೆಕ್ಕ ಹಾಕತೊಡಗಿದೆ. ಆಗ ಏಲಿಯಮ್ಮ ಅಕ್ಕನ ಎದೆ ನೋಡಿ ಹಣೆ ಚಚ್ಚಿಕೊಂಡರು. ಬೆಳಿಗ್ಗೆ ಮಿಂದು ಅಕ್ಕ ಎಂದಿನಂತೆ ಹಣೆಗೆ, ತೋಳಿಗೆ, ಎದೆಗೆ ದಪ್ಪಗೆ ವಿಭೂತಿ ಎಳೆದುಕೊಂಡಿದ್ದಳು. ಅದು ಎಣ್ಣೆಯೊಂದಿಗೆ ಸೇರಿ ಗಾರೆಯಾಗಿತ್ತು, ಶಬ್ದ ಒಳಗೆ ಹೋಗಲು ದಾರಿಯೇ ಇರಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದ ಕೂಡಲೇ ಹಸಿರು ಗೆರೆಗಳು ಎದ್ದುನಿಂತವು. ಡಾಕ್ಟರು ಮಷಿನ್ನಿಗೆ ಕೈಮುಗಿದು ಏನೋ ಅಂದರು. ಅದನ್ನು ಕನ್ನಡ ಮಾಡುವ ಅಗತ್ಯ ಬೀಳಲಿಲ್ಲ.

ಮೇಲೆ ಒಂದು ಗೆರೆ, ಎದೆಯ ಗೋಡೆ. ಕೆಳಗೆ ಕುಣಿಯುವ ಗೆರೆ, ಗುಂಡಿಗೆ. ಎರಡರ ನಡುವೆ ಅಗಲವಾದ ಕಪ್ಪು ಪಟ್ಟಿ. ಅದೇ ನೀರು. ಒಡಹುಟ್ಟಿದವಳ ಗುಂಡಿಗೆ ಮಿಡಿಯುವುದನ್ನು ಕಣ್ಣಿನಿಂದ ನೋಡಿದೆ. ಅದರ ಬಗ್ಗೆ ಹೆಚ್ಚಿಗೆ ಬರೆಯಲು ನನಗೆ ಬಾರದು.

"ನಾಳೆ ತೆಗೆಯೋಣ, ಇನ್ನು ಕಾಯುವ ಹಾಗಿಲ್ಲ," ಎಂದರು ಡಾಕ್ಟರು. ಗುಂಡಿಯ ನಡುವೆ ಒಂದು ತೂತು ಇರುತ್ತದೆ, ಸೂಜಿ ಅದರೊಳಗಿಂದಲೇ ಇಳಿಯುತ್ತದೆ. ಅದರ ಮೊನೆ ಗಾಜಿನ ಮೇಲೆ ಚುಕ್ಕೆಯಾಗಿ ಕಾಣಬೇಕು. ಹೀಗೆ ನೋಡಿಕೊಂಡು ತೆಗೆಯುವುದು ತಮಗೂ ಹೊಸತು ಎನ್ನುವುದನ್ನು ಅವರು ಮುಚ್ಚಿಡಲಿಲ್ಲ.

ಆಮೇಲೆ ಅಕ್ಕನ ಕೊರಳಿನ ಬೆಳ್ಳಿಯ ಕರಡಿಗೆ ತೋರಿಸಿ, ನಾಳೆ ಇದನ್ನು ತೆಗೆದಿಡಬೇಕು ಎಂದರು. ಇಷ್ಟಲಿಂಗ ಇಟ್ಟುಕೊಳ್ಳುವ ಅದು ಅವಳ ಎದೆಯ ನಡುವೆಯೇ ತೂಗುತ್ತಿತ್ತು. ಅದು ನಶ್ಯದ ಡಬ್ಬಿ ಎಂದು ಅವರು ತಿಳಿದಿದ್ದರು. ಏಲಿಯಮ್ಮ ತಿಳಿಸಿ ಹೇಳಿದರು. ಡಾಕ್ಟರು ಸಂಕೋಚಪಟ್ಟುಕೊಂಡರು, ಆದರೆ ಮಾತು ಬದಲಿಸಲಿಲ್ಲ. ಎದೆ, ಕೊರಳೆಲ್ಲ ಔಷಧಿಯಿಂದ ತೊಳೆದು ಬಟ್ಟೆ ಹೊದಿಸಬೇಕು. ಅಲ್ಲಿ ಏನೂ ಇರಕೂಡದು.

"ಹಂಗಾರ ಊರಿಗೆ ನಡಿ," ಎಂದಳು ಅಕ್ಕ.

ಚಾಲೈ

ಅಕ್ಕನನ್ನು ಸೇರಿಸಿಕೊಂಡ ವಾರ್ಡಿಗೆ ಬಂದ ಮೇಲೆ ನಾನು ಸಿಟ್ಟಿಗೆದ್ದೆ. "ಒಂದು ತಾಸಿನ ಮಾತು. ನಾನೇ ಕೈಯಾಗ ಹಿಡಕೊಂಡು ಬಾಗಲದಾಗ ನಿಂದರ್ತೀನಿ. ಸಾಲದೇನು?"

"ನಿನ್ನ ಕೈಯಾಗಿದ್ರ ಅದು ನನ್ನ ಮೈ ಮ್ಯಾಲ ಇದ್ದಂಗೇನು? ಮಠದ ಅಯ್ಯಾರು ಲಿಂಗಾ ಕಟ್ಟಿದಾಗಿಂದ ಮೈ ಬಿಟ್ಟು ಹೋಗಿಲ್ಲ. ನಿನ್ನ ಮಾವ ಸತ್ತಾಗ ತಾಳಿ ಹೋತು, ಬಳಿ ಹೋದವು. ಇದು ಹೋಗಲಿಲ್ಲ."

"ತೆಗೀದಿದ್ರ ಸಾಯ್ತೀ ಅಕ್ಕಾ."

"ಸಾಯಾಕಿ ನಾನು. ನಿನಗೇನು ತ್ರಾಸು?"

"ನೀ ಹೋದ್ರ ನನ್ನ ಬೈಯೋರು ಯಾರು?" ಎಂದು ಕೂಗಿ ಹೊರಗೆ ಬಂದುಬಿಟ್ಟೆ.

ಕಾಲು ಹೋದ ಕಡೆ ಹೋಗಿ ಚಾಲೈ ಪೇಟೆ ಸೇರಿದೆ. ಇದು ನಮ್ಮ ಹುಬ್ಬಳ್ಳಿಯ ದುರ್ಗದಬೈಲು ಪೇಟೆಯನ್ನು ಉದ್ದಕ್ಕೆ ಎಳೆದ ಹಾಗಿದೆ: ಬಾಳೆಗೊನೆ, ಹುಣಸೆ, ಹಗ್ಗ, ಹಿತ್ತಾಳೆ, ತಲೆಯ ಮೇಲೆ ಮೂಟೆ ಹೊತ್ತು ಓಡುವವರು. ಹಿಟ್ಟು ತೀರುತ್ತ ಬಂದಿತ್ತು. ಒಂದು ಕಾಳಿನ ಅಂಗಡಿಯಲ್ಲಿ ಹೆಗಲ ಮೇಲೇ ಇದ್ದ ಗಂಟಿನಿಂದ ಉಳಿದ ಹಿಟ್ಟು ತೋರಿಸಿ, ಕೈಸನ್ನೆ ಮಾಡಿ ಜೋಳ ಕೇಳಿದೆ. ಅಂಗಡಿಯವನು ಮೂಲೆಯ ಡಬ್ಬಿಯಿಂದ ಒಂದು ಹಿಡಿ ಜೋಳ ತೆಗೆದು, ಎರಡೂ ಕೈ ರೆಕ್ಕೆಯಂತೆ ಬಡಿದು ತೋರಿಸಿದ. ಪಾರಿವಾಳಕ್ಕಾ ಎಂದು ಕೇಳುತ್ತಿದ್ದ. ನಾನು ಎದೆ ತಟ್ಟಿಕೊಂಡು, ನನಗೇ ಎಂದೆ. ಅವನಿಗೆ ನಗು ತಡೆಯಲಾಗಲಿಲ್ಲ. ನನಗೂ ಬಂತು. ನಗುತ್ತಿದ್ದವನಿಗೆ ಅಲ್ಲೇ ಕಣ್ಣಲ್ಲಿ ನೀರು ಬಂತು. ಅವನು ನನ್ನನ್ನು ಮೂಟೆಯ ಮೇಲೆ ಕೂರಿಸಿದ. ಆಸ್ಪತ್ರೆ, ಅಕ್ಕ ಎಂದು ಎಷ್ಟು ತಿಳಿಸಿದೆನೋ ಕಾಣೆ, ಹೊರಡುವಾಗ ಒಂದು ಚಿಪ್ಪು ಬಾಳೆಹಣ್ಣು ಕೈಗಿಟ್ಟು "ಚೇಚ್ಚಿಕ್ಕ್" ಎಂದ. ಅಕ್ಕನಿಗೆ. ಬೇಡ ಎನ್ನುವ ನನ್ನ ಚಟ ಆ ಹೊತ್ತು ನೆನಪಿಗೆ ಬರಲಿಲ್ಲ.

ವಾರ್ಡಿನ ಬೆಳಗು

ಮರುದಿನ ಬೆಳಿಗ್ಗೆ ಅಕ್ಕ ಮಂಚದ ಮೇಲೆ ಕೂತು ಪೂಜೆಗೆ ತೊಡಗಿದ್ದಳು. ಕರಡಿಗೆಯಿಂದ ಲಿಂಗವನ್ನು ತೆಗೆದು ಎಡಗೈಯ ಅಂಗೈಯಲ್ಲಿಟ್ಟು, ಕಣ್ಣೆದುರಿಗೆ ಹಿಡಿದು, ದೃಷ್ಟಿ ನೆಟ್ಟಿದ್ದಳು. ನಾನು ಹುಟ್ಟಿದಾಗಿನಿಂದ ನೋಡಿದ್ದೇ ಆದ್ದರಿಂದ ಅದರಲ್ಲಿ ಏನೋ ಇದೆ ಎಂದು ನನಗೆ ಹೊಳೆದಿರಲಿಲ್ಲ. ಆಗ ಡಾಕ್ಟರು ಬಂದರು. ಏಲಿಯಮ್ಮ ತುಟಿಯ ಮೇಲೆ ಬೆರಳಿಟ್ಟರು. ಅಷ್ಟು ದೊಡ್ಡ ಡಾಕ್ಟರು ಸುಮ್ಮನೆ ಮಂಚದ ಕಾಲಿನ ಬಳಿ ನಿಂತರು. ವಾರ್ಡಿನಲ್ಲಿ ಯಾರೋ ಕೆಮ್ಮಿದರು, ತಟ್ಟೆ ಬಿತ್ತು. ಅಕ್ಕನ ಕೈ ಅಲುಗಲಿಲ್ಲ, ರೆಪ್ಪೆ ಬಡಿಯಲಿಲ್ಲ. ಅಷ್ಟು ಏದುತ್ತಿದ್ದವಳ ಉಸಿರು ಕೂಡ ಸಣ್ಣಗೆ ಓಡುತ್ತಿತ್ತು.

ಪೂಜೆ ಮುಗಿದ ಮೇಲೆ ಡಾಕ್ಟರು ಏಲಿಯಮ್ಮನನ್ನು ಏನೇನೋ ಕೇಳಿದರು. ಆಕೆ ಅಕ್ಕನ ಕಡೆ ತಿರುಗಿ ಕೇಳಿದರು: "ಅಕ್ಕಾರ, ಇದು ಕೊಳ್ಳಾಗೇ ಇರಬೇಕೋ, ಅಂಗೈಯಾಗ ಇದ್ರೂ ಆತೋ?"

"ಅಂಗೈ ಅಂದ್ರ ಅದರ ಮನಿನs ಅಲ್ಲೇನವ್ವಾ."

"ಹಂಗಾರ ಡಾಕ್ಟರ್ ಹೇಳ್ತಾರ, ಕೈಯಾಗ ಹಿಡ್ಕೊಂಡs ಇರ್ರಿ. ಎಡಗೈ ಬಟ್ಟಿಯಿಂದ ಹೊರಗ ಹಲಗಿ ಮ್ಯಾಲ ಚಾಚಿ ಇಡೂದು. ಆದ್ರ ಅಲಗಿದ್ರ ಸೂಜಿ ತಗದs ಬಿಡ್ತಾರಂತ."

"ನನ್ನ ಕೈ ಅಲಗಂಗಿಲ್ಲ. ಅವರ ಕೈ ಅಲಗದಿದ್ರ ಸಾಕು ಅಂತ ಹೇಳು."

ಏಲಿಯಮ್ಮ ಅದನ್ನೂ ಹಾಗೇ ಹೇಳಿದರು. ಡಾಕ್ಟರು ನಕ್ಕು, "ಶರಿ, ಶರಿ," ಎಂದರು. ತನ್ನ ವಿದ್ಯೆಗೆ ಎದುರು ನಿಂತ ಹಳ್ಳಿಯ ಹೆಂಗಸಿನ ಹಟವನ್ನು ಮುರಿಯದೆ, ಅದಕ್ಕೊಂದು ಜಾಗ ಮಾಡಿಕೊಟ್ಟ ಆ ಮನುಷ್ಯನನ್ನು ನಾನು ದಿನಾ ನೆನೆಯುತ್ತೇನೆ.

ಮಷಿನ್ನಿನ ಕೋಣೆ

ನಾನು ಒಳಗಿರಬೇಕೆಂದು ಅಕ್ಕ ಹಟ ಹಿಡಿದಳು. ಬಾಯಿಗೆ ಬಟ್ಟೆ ಕಟ್ಟಿ ಗೋಡೆಗೆ ನಿಲ್ಲಿಸಿದರು. "ತಲಿ ತಿರುಗಿದ್ರ ನೆಲಕ್ಕ ಕೂಡ್ರಿ, ನಮ್ಮ ಮ್ಯಾಲ ಬೀಳಬ್ಯಾಡ್ರಿ," ಎಂದರು ಏಲಿಯಮ್ಮ.

ಅಕ್ಕನನ್ನು ಅರ್ಧ ಒರಗಿಸಿದ್ದರು. ಚಾಚಿದ ಅಂಗೈಯಲ್ಲಿ ಲಿಂಗ, ಅದರ ಮೇಲೆ ಅವಳ ಕಣ್ಣು. ಡಾಕ್ಟರ ಕಣ್ಣು ಗಾಜಿನ ಮೇಲೆ. ಸೂಜಿ ಇಳಿಯಿತು. ಮೇಲಿನ ಗೆರೆಯ ಕೆಳಗೆ ಸಾಸಿವೆ ಕಾಳಿನಷ್ಟು ಹಸಿರು ಚುಕ್ಕೆ ಮೂಡಿತು. ಡಾಕ್ಟರ ಕೈ ಇಷ್ಟು ಸರಿದರೆ ಚುಕ್ಕೆಯೂ ಇಷ್ಟು ಸರಿಯುತ್ತಿತ್ತು. ಒಮ್ಮೆ ಅದು ಮಾಯವಾಯಿತು. ಡಾಕ್ಟರು ಹಾಗೇ ನಿಂತುಬಿಟ್ಟರು. ಚುಕ್ಕೆ ಕಾಣದಾಗ ಕೈ ಮುಂದೆ ಹೋಗಬಾರದು ಎನ್ನುವುದು ಅವರ ನೇಮ. ಗುಂಡಿಯನ್ನು ಕೂದಲೆಳೆಯಷ್ಟು ಓರೆ ಮಾಡಿ ಹುಡುಕಿದರು. ಕೆಳಗೆ ಗುಂಡಿಗೆಯ ಗೆರೆ ಕುಣಿಯುತ್ತಲೇ ಇತ್ತು. ನಾನು ಉಸಿರು ಬಿಡುವುದನ್ನು ಮರೆತಿದ್ದೆ. ಅಕ್ಕ ಮರೆತಿರಲಿಲ್ಲ, ಸಣ್ಣಗೆ ಎಳೆಯುತ್ತಿದ್ದಳು. ಚುಕ್ಕೆ ತಿರುಗಿ ಕಂಡಿತು, ಕಪ್ಪು ಪಟ್ಟಿಯ ನಟ್ಟನಡುವೆ.

ಡಾಕ್ಟರು ಸಿರಿಂಜು ಎಳೆದರು. ಕೆಂಪಗೆ ಬಂತು.

"ರಕ್ತ!" ಎಂದುಬಿಟ್ಟೆ. ಊರಿನಲ್ಲಿ ಆದದ್ದೇ ಇಲ್ಲೂ ಆಯಿತು, ಮುಗಿಯಿತು ಎಂದುಕೊಂಡೆ. ಡಾಕ್ಟರು ಸೂಜಿ ತೆಗೆಯಲಿಲ್ಲ. ತಲೆಯನ್ನು ಗಾಜಿನ ಕಡೆ ಬಾಗಿಸಿ ನನಗೆ ತೋರಿಸಿದರು. ಚುಕ್ಕೆ ಕಪ್ಪಿನಲ್ಲೇ ನಿಂತಿತ್ತು. ಕುಣಿಯುವ ಗೆರೆ ಅದರಿಂದ ದೂರ, ತನ್ನಷ್ಟಕ್ಕೆ ಕುಣಿಯುತ್ತಿತ್ತು.

"ಗುಂಡಿಗಿ ರಕ್ತ ಅಲ್ಲ್ರೀ," ಎಂದರು ಏಲಿಯಮ್ಮ. "ನೀರs ಕೆಂಪೈತಿ. ಇಂಥಾ ಬ್ಯಾನ್ಯಾಗ ಒಮ್ಮೊಮ್ಮೆ ಹಂಗs ಇರ್ತದ."

ಅಂದರೆ ನಮ್ಮೂರ ಡಾಕ್ಟರ ಸೂಜಿಯೂ ಅವತ್ತು ಸರಿಯಾದ ಜಾಗದಲ್ಲೇ ಇದ್ದಿರಬೇಕು. ಅವರಿಗೆ ತೋರಿಸುವವರು ಇರಲಿಲ್ಲ, ಅಷ್ಟೇ. ಇಲ್ಲಿ ತೋರಿಸುವ ಚುಕ್ಕೆ ಇತ್ತು. ಡಾಕ್ಟರು ಎಳೆಯುತ್ತ ಹೋದರು, ಬಾಟಲಿ ತುಂಬುತ್ತ ಹೋಯಿತು, ಗಾಜಿನ ಮೇಲೆ ಕಪ್ಪು ಪಟ್ಟಿ ತೆಳ್ಳಗಾಗುತ್ತ ಬಂತು. ಕುಣಿಯುವ ಗೆರೆ ಚುಕ್ಕೆಯ ಹತ್ತಿರ ಬರತೊಡಗಿದಾಗ ಡಾಕ್ಟರು ಸೂಜಿ ಹೊರಗೆ ತೆಗೆದು ಬೆವರು ಒರೆಸಿಕೊಂಡರು.

ಅಕ್ಕ ದೊಡ್ಡದೊಂದು ಉಸಿರು ಎಳೆದಳು. ಇನ್ನೊಂದು ಎಳೆದಳು. ಎಲ್ಲಿಯೂ ತಡೆಯಲಿಲ್ಲ. ಕರಡಿಗೆ ಮುಚ್ಚಿ ಕೊರಳಿಗೆ ಹಾಕಿಕೊಂಡ ಮೇಲೆ ಏಲಿಯಮ್ಮನಿಗೆ ಹೇಳಿದಳು: "ಯವ್ವಾ, ಈ ದಿಂಬು ತಗಿ."

ಒಂದೊಂದಾಗಿ ದಿಂಬು ತೆಗೆದರು. ಆ ಮಧ್ಯಾಹ್ನ ಅಕ್ಕ ಅಂಗಾತ ಮಲಗಿ ಗೊರಕೆ ಹೊಡೆದಳು. ನಾನು ಪಕ್ಕದ ಸ್ಟೂಲಿನ ಮೇಲೆ ಕೂತು ಕೇಳಿದೆ.

ಊರು

ಕ್ಷಯದಿಂದ ಬಂದ ನೀರು ಎಂದು ಪರೀಕ್ಷೆಯಲ್ಲಿ ತಿಳಿಯಿತು. ಬಹಳ ದಿನ ಗುಳಿಗೆ, ಇಂಜೆಕ್ಷನ್ನು ನಡೆದವು. ಬೈಯುತ್ತ ಬೈಯುತ್ತ ಒಂದನ್ನೂ ತಪ್ಪಿಸಲಿಲ್ಲ. ನೀರು ಮತ್ತೆ ತುಂಬಲಿಲ್ಲ. ನಮ್ಮೂರಿನ ಡಾಕ್ಟರಿಗೆ ಚುಕ್ಕೆಯ ಸಂಗತಿ ಹೇಳಿದಾಗ ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

ಈಗ ನನ್ನ ಹತ್ತಿರ ಇರುವುದು ಇಷ್ಟು. ಖಾನಾವಳಿ ಒಂದು. ಒಲೆ ಮೂರು. ಹೆಂಚು ಆರು. ರೊಟ್ಟಿ ಬಡಿಯುವ ಹೆಣ್ಣುಮಕ್ಕಳು ನಾಲ್ವರು. ಹೆಂಡತಿ ಒಬ್ಬಳು, ಮಕ್ಕಳು ಇಬ್ಬರು, ಇಬ್ಬರೂ ಶಾಲೆಗೆ ಹೋಗುತ್ತಾರೆ. ಅಕ್ಕ ಒಬ್ಬಳು. ಊಟದ ಗದ್ದಲ ಮುಗಿದಿದೆ, ಒಳಗಿನ ಕೋಣೆಯಲ್ಲಿ ಮಲಗಿದ್ದಾಳೆ. ತಲೆಗೆ ದಿಂಬು ಒಂದೇ.